ನಾವು ಕಾಪಾಡಿದ ಕಲ್ಲು

ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತ ಮನುಷ್ಯ ಮುಕ್ಕಾಲು ತಾಸು ಎಲ್ಲಿಗೂ ಹೋಗಲಾರ. ಪಾಪೆ ಅರಳುವ ತನಕ ಅವನಿಗೆ ಪೇಪರ್ ಓದಲಾಗದು, ಮೊಬೈಲ್ ನೋಡಲಾಗದು, ಎದುರಿಗೆ ಬಂದವರ ಗುರುತೂ ಸರಿಯಾಗಿ ಹತ್ತದು. ಮಾತಾಡುವುದೊಂದೇ ಅವನಿಗೆ ಉಳಿದ ಕೆಲಸ. ಈ ಸಂಗತಿ ನನಗೆ ಹೊಳೆದದ್ದು ನಮ್ಮ ಕ್ಲಬ್ಬಿನ ಒಂದು ನೇತ್ರ ತಪಾಸಣೆ ಶಿಬಿರದಲ್ಲಿ. ಹೊಳೆದ ದಿನ ನಾನು ಬಹಳ ಬೀಗಿದೆ.

ಬೆಳಗಾವಿಯಲ್ಲಿ ನನ್ನದೊಂದು ಚಸ್ಮಾ ಅಂಗಡಿ ಇದೆ. ಮೂವತ್ತು ವರ್ಷದಿಂದ ಊರವರ ಮೂಗಿನ ಮೇಲೆ ಏನು ಕೂರಬೇಕೆಂದು ಹೇಳುತ್ತಾ ಬಂದಿದ್ದೇನೆ. ಊರವರ ವಿಷಯದಲ್ಲಿ ಮೂಗು ತೂರಿಸುವುದೂ ಅಷ್ಟೇ ಹಳೆಯ ಚಟ. ಕ್ಲಬ್ಬು ಸೇರಿದ್ದೂ ಆ ಚಟದಿಂದಲೇ. ಅರ್ಜಿಯಲ್ಲಿ ಸಮಾಜಸೇವೆ ಎಂದು ಬರೆದಿದ್ದೆ, ನಿಜ. ಆದರೆ ನನ್ನ ಒಳಗಿನ ಕಾರಣ ಬೇರೆ. ಪ್ರತಿ ಮಂಗಳವಾರ ಸಂಜೆ ಶಿವಬಸವ ನಗರದ ಆ ಸಭಾಭವನದೊಳಗೆ ಇಷ್ಟೊಂದು ಜನ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರಲ್ಲ, ಒಳಗೆ ಏನು ನಡೆಯುತ್ತದೆಂದು ನನಗೆ ತಿಳಿಯಬೇಕಿತ್ತು.

ತಿಳಿಯಿತು. ಅಂಥದ್ದೇನೂ ನಡೆಯುವುದಿಲ್ಲ. ಅಧ್ಯಕ್ಷರು ಪುಟ್ಟದೊಂದು ಗಂಟೆ ಬಾರಿಸುತ್ತಾರೆ, ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಮಾಡುತ್ತಾರೆ, ಆ ವಾರ ಹುಟ್ಟುಹಬ್ಬ ಇದ್ದವರಿಗೆ ಚಪ್ಪಾಳೆ ತಟ್ಟುತ್ತಾರೆ, ಹಿಂದಿನ ಸಭೆಯ ವರದಿ ಓದುತ್ತಾರೆ. ಆಮೇಲೆ ಅತಿಥಿಗಳ ಭಾಷಣ, ಮುಂದಿನ ಕಾರ್ಯಕ್ರಮದ ಚರ್ಚೆ, ವಂದನಾರ್ಪಣೆ, ಕೊನೆಗೆ ಚಹಾ. ಅಜೆಂಡಾ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ, ಜಗಳ ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ, ಚಹಾ ಕುಡಿಯುವಾಗ ಎಲ್ಲರೂ ಎರಡನ್ನೂ ಕಲಸಿ ಮಾತಾಡುತ್ತಾರೆ. ಒಂದು ನಿಯಮ ಮಾತ್ರ ಭಾರೀ ಬಿಗಿ. ಅಜೆಂಡಾದಲ್ಲಿ ಇಲ್ಲದ ಮಾತನ್ನು ವಂದನಾರ್ಪಣೆ ಮುಗಿಯುವ ತನಕ ಯಾರೂ ಆಡುವಂತಿಲ್ಲ. ಸೀಲಿಂಗಿನ ಫ್ಯಾನು ಕಳಚಿ ಬೀಳುವುದಿದ್ದರೂ ವಂದನಾರ್ಪಣೆ ಆದ ಮೇಲೆಯೇ ಬೀಳಬೇಕು.

ಕೆಲಸ ಮಾಡುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಹಿಂಡಲಗಾ ಕಡೆಯ ರಸ್ತೆಯಲ್ಲಿ ನಾವು ನೆಟ್ಟ ಗಿಡಗಳಲ್ಲಿ ಅರ್ಧ ಬದುಕಿವೆ. ಶಾಲೆಗಳಿಗೆ ನೀರಿನ ಫಿಲ್ಟರ್ ಕೊಟ್ಟಿದ್ದೇವೆ, ರಕ್ತದಾನ ಮಾಡಿಸಿದ್ದೇವೆ. ಬಸ್ ಸ್ಟಾಪಿಗೆ ಬೆಂಚು ಹಾಕಿಸಿದ್ದೇವೆ. ಬೆಂಚಿನ ಕೂರುವ ಹಲಗೆ ಮುರಿದಿದ್ದರೂ ಬೆನ್ನಿನ ಮೇಲಿನ ನಮ್ಮ ಹೆಸರು ಇನ್ನೂ ಗಟ್ಟಿಮುಟ್ಟಾಗಿದೆ.

ಈ ಸಭೆಗೆ ಇತಿಹಾಸ ತಂದು ತುರುಕಿದವಳು ನಾನು. ಸೇರಿದ ಎರಡನೇ ವರ್ಷ ಹಟ ಹಿಡಿದು ಅಜೆಂಡಾದಲ್ಲಿ ‘ನಮ್ಮ ಸೀಮೆ, ಐದು ನಿಮಿಷ’ ಎಂದೊಂದು ಸಾಲು ಸೇರಿಸಿದೆ. ಕೋಟೆಯ ಕಂದಕ, ಹಳೆಯ ಬಸದಿ, ಖಾನಾಪುರದ ಕೆಂಪು ಮಣ್ಣಿನ ಹಂಚು, ಹೀಗೆ ವಾರಕ್ಕೊಂದು. ಯಾರಾದರೂ ಸಿದ್ಧವಾಗಿ ಬರಬೇಕೆಂದು ಗೊತ್ತಾಗಿತ್ತು. ಯಾರೂ ಬರುತ್ತಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಆ ಐದು ನಿಮಿಷ ಕಾಯಂ ನನ್ನ ಪಾಲಿಗೆ ಬಂತು. ಹದಿನೈದು ದಿನದ ಒಂದು ತರಗತಿಗೆ ಹೋಗಿ ಹಳೆಯ ಲಿಪಿ ಓದುವುದನ್ನೂ ತಕ್ಕಮಟ್ಟಿಗೆ ಕಲಿತು ಬಂದೆ. ಅರ್ಧ ಕಲಿತವರಿಗೆ ಇರುವ ಧೈರ್ಯ ಪೂರ್ತಿ ಕಲಿತವರಿಗೆ ಇರುವುದಿಲ್ಲ.

ಶಿಬಿರದ ಮಾತಿಗೆ ಬರುತ್ತೇನೆ. ಖಾನಾಪುರ ತಾಲೂಕಿನಲ್ಲಿ ನಂದಗಡ ದಾಟಿ ಮುಂದೆ ಹೋದರೆ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ ಕಣ್ಣು ಪರೀಕ್ಷೆ ಇಟ್ಟುಕೊಂಡಿದ್ದೆವು. ಹನಿ ಹಾಕಿಸಿಕೊಂಡವರನ್ನು ವರಾಂಡದ ಬೆಂಚಿನ ಮೇಲೆ ಸಾಲಾಗಿ ಕೂರಿಸುವುದು ನನ್ನ ಜವಾಬ್ದಾರಿ. ಕೂರಿಸಿದೆ, ಒಂದು ನೋಟುಬುಕ್ಕು ತೆಗೆದುಕೊಂಡು ಬಾಜೂಕೆ ನಾನೂ ಕೂತೆ. ‘ನಿಮ್ಮ ಊರಾಗ ಹಳೇದು ಏನೈತ್ರಿ?’ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಬಾವಿಯ ಕಥೆ ಬಂತು, ದೆವ್ವದ ಕಥೆ ಬಂತು, ಎರಡು ಮನೆತನಗಳ ನಡುವಿನ ಹಳೇ ವೈರದ ಕಥೆ ಎರಡೂ ಮನೆತನದವರಿಂದ ಬೇರೆ ಬೇರೆಯಾಗಿ ಬಂತು. ಸಾಲಿನ ಕೊನೆಗೆ ಕೂತಿದ್ದವರು ಎಪ್ಪತ್ತು ದಾಟಿದ ಒಬ್ಬ ಗೌಂಡಿ ಚಾಚಾ. ಆ ಸುತ್ತಿನ ಅರ್ಧ ಮನೆಗಳ ಗೋಡೆ ಕಟ್ಟಿದವರು. ಅವರ ಹಿಂದಿನವರು ಯಾವ ಕಾಲಕ್ಕೆ ಆ ಊರಿಗೆ ಬಂದರೆಂದು ಅವರಿಗೂ ಗೊತ್ತಿಲ್ಲ. ಮುಚ್ಚಿದ ಕಣ್ಣನ್ನು ಆಕಾಶದ ಕಡೆ ಎತ್ತಿಕೊಂಡೇ ಅವರು ಹೇಳಿದರು.

“ಹಳೇದಂದ್ರ ಒಂದು ಕಲ್ಲೈತ್ರಿ ಬಾಯಾರ. ಊರ ಹೊರಗ, ಹೊಲದಾಗ. ಮ್ಯಾಲೆ ಸೂರ್ಯ ಚಂದ್ರ ಅದಾವ. ಕೆಳಗ ಅಕ್ಷರ ಅದಾವ. ಓದಾಕ ಬಂದವರು ಯಾರೂ ಇಲ್ಲ.”

ನನ್ನ ಪೆನ್ನು ಅಲ್ಲೇ ನಿಂತಿತು. ಚಾಚಾ ಅವರ ಕಣ್ಣಲ್ಲಿ ಪೊರೆ ಬಲಿತಿತ್ತು, ಶಸ್ತ್ರಚಿಕಿತ್ಸೆಯ ಯಾದಿಗೆ ಅವರ ಹೆಸರು ಸೇರಿತು. ನಾನು ಮಧ್ಯಾಹ್ನದ ಊಟ ಬಿಟ್ಟು ಹೊಲದ ದಾರಿ ಹಿಡಿದೆ.

ಕಲ್ಲು ಎರಡು ಹೊಲಗಳ ನಡುವೆ ಸ್ವಲ್ಪ ವಾಲಿಕೊಂಡು ನಿಂತಿತ್ತು. ನನ್ನ ಎದೆಯ ಎತ್ತರ. ಚೀಲದಿಂದ ಗೋಧಿ ಹಿಟ್ಟಿನ ಪೊಟ್ಟಣ ತೆಗೆದು ಕಲ್ಲಿಗೆ ಸವರಿದೆ. ಸವೆದ ಅಕ್ಷರದ ಗೀರಿನೊಳಗೆ ಹಿಟ್ಟು ನಿಂತು ಬಿಳಿಯಾಗಿ ಕಾಣುತ್ತದೆ, ತರಗತಿಯಲ್ಲಿ ಕಲಿತ ಉಪಾಯ ಅದು. ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು, ಒಂದು ಕತ್ತಿ. ಕೆಳಗಿನ ಸಾಲುಗಳು ಬಹುಪಾಲು ಅಳಿಸಿಹೋಗಿದ್ದವು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಭೂಮಿ, ಒಂದೂ ಉಳಿದಿರಲಿಲ್ಲ. ಉಳಿದದ್ದು ಕೊನೆಯ ಎರಡು ಸಾಲು. ಒಂದು ತಾಸು ಮಂಡಿಯೂರಿ ಕೂತು ಅಕ್ಷರ ಕೂಡಿಸಿದ ಮೇಲೆ ಅರ್ಥವಾಯಿತು. ಅದು ಶಾಪ. ಇದನ್ನು ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಗೋವು ಕೊಂದ ಪಾಪ ಬರಲಿ ಎಂಬ ಅರ್ಥದ್ದು. ಇಂಥ ಶಾಪ ಇಂಥ ಕಲ್ಲುಗಳಲ್ಲಿ ಸಾಮಾನ್ಯ. ಆದರೂ ಅಷ್ಟು ಹಳೆಯ ಒಂದು ಸಿಟ್ಟು ನನ್ನ ಬೆರಳಿನ ಕೆಳಗೆ ಇನ್ನೂ ಓದಲು ಬರುತ್ತಿದೆ ಎನ್ನುವುದಕ್ಕೆ ನನ್ನ ಮೈ ಜುಮ್ಮೆಂದಿತು. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಮುಂದಿನ ಮಂಗಳವಾರ ನನ್ನ ಐದು ನಿಮಿಷ ಇಪ್ಪತ್ತಾಯಿತು. ಯಾರೂ ಗಂಟೆ ಬಾರಿಸಲಿಲ್ಲ. ನಮ್ಮ ಅಧ್ಯಕ್ಷರದು ಲಾರಿ ಮತ್ತು ಕ್ರೇನಿನ ಧಂದೆ. ಮಾತಿಗಿಂತ ಕೈ ಮುಂದಿರುವ ಮನುಷ್ಯ.

“ಅಕ್ಕಾರ, ಇಂಥಾ ಕಲ್ಲು ಹೊಲದಾಗ ಅನಾಥ ಬಿದ್ದೈತಿ ಅಂದ್ರ ನಾಳೆ ಯಾವನರ ಒಡದು ಮನಿ ಪಾಯಕ್ಕ ಹಾಕ್ತಾನ” ಎಂದರು. “ಸಾಲಿ ಅಂಗಳಕ್ಕ ತರೂಣು. ಕಟ್ಟಿ ಕಟ್ಟಿಸಿ ನಿಲ್ಲಸೂಣು. ಕ್ರೇನ್ ನಂದ ಐತಿ.”

ಮೊದಲು ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಬೇಕಿತ್ತು. ಹಾಗೆಂದು ನನಗೆ ಗೊತ್ತಿತ್ತು. ‘ಮೊದಲು ಕಾಪಾಡೋಣ, ಆಮೇಲೆ ಬರೆಯೋಣ’ ಎಂದು ಹೇಳಿದವಳೂ ನಾನೇ. ಠರಾವು ಪಾಸಾಯಿತು. ಎಲ್ಲರೂ ಮೇಜು ಕುಟ್ಟಿದರು.

ಕಲ್ಲು ಎತ್ತಿದ ದಿನ ಆ ಊರಲ್ಲಿ ಇಬ್ಬರು ಇರಲಿಲ್ಲ. ಒಬ್ಬರು ಗೌಂಡಿ ಚಾಚಾ. ಅವರು ನಮ್ಮದೇ ಕ್ಲಬ್ಬಿನ ಖರ್ಚಿನಲ್ಲಿ ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಇನ್ನೊಬ್ಬಳು ಕಲ್ಲಿನ ಮೂಡಲ ಬದಿಯ ಹೊಲದ ಒಡತಿ. ಗಂಡ ತೀರಿದ ಮೇಲೆ ಬೇಸಾಯ ತಾನೇ ನೋಡಿಕೊಳ್ಳುವ ಹೆಂಗಸು. ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದಳು. ಪಡುವಲ ಬದಿಯ ಹೊಲದವನು ಇದ್ದ. ನಲವತ್ತರ ಆಸುಪಾಸಿನ ಚುರುಕು ಮನುಷ್ಯ. ಅವನನ್ನು ಕೇಳಿದೆವು. ‘ನಮ್ಮಿಬ್ಬರ ನಡಕಿಂದೈತಿ, ಒಯ್ರಿ, ಸಾಲ್ಯಾಗ ಚಲೋ ಕಾಣತೈತಿ’ ಎಂದ. ನಡುವಿನದು ಎಂದ ಮೇಲೆ ಇನ್ನೊಂದು ಬದಿಯವರನ್ನೂ ಕೇಳಬೇಕಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಡಾಕ್ಟರು, ವಕೀಲರು, ಎಂಜಿನಿಯರು ಎಲ್ಲ ಇದ್ದೆವು.

ಕ್ರೇನು ಹೊಲದ ನಡುವಿನ ಬದುವಿನ ಮೇಲೆಯೇ ಬಂತು. ಮೊದಲೇ ಸವೆದಿದ್ದ ಬದು ಅದರ ಗಾಲಿಗೆ ನೆಲಸಮವಾಯಿತು. ಬದುವಿನ ಬಾಜೂಕೆ ವರ್ಷ ವರ್ಷ ಹೊಸದಾಗಿ ತೋಡುವ ಮಣ್ಣಿನ ಕಾಲುವೆ ಇತ್ತು, ಅದೂ ಹೋಯಿತು. ನಾವು ಅದನ್ನೆಲ್ಲ ನೋಡುತ್ತಿರಲಿಲ್ಲ. ಕಲ್ಲಿಗೆ ಹಗ್ಗದ ಗೀರು ಬೀಳದಂತೆ ಗೋಣಿಚೀಲ ಸುತ್ತುವುದರಲ್ಲಿ ಮುಳುಗಿದ್ದೆವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಒಂದು ಚಕ್ಕೆಯೂ ಹಾರಲಿಲ್ಲ.

ವಾರದ ನಂತರ ಶಾಲೆಯ ಅಂಗಳದಲ್ಲಿ ಅನಾವರಣ. ಸಿಮೆಂಟಿನ ಕಟ್ಟೆ, ಅದರ ಮೇಲೆ ಕಲ್ಲು, ಪಕ್ಕದಲ್ಲಿ ಗ್ರಾನೈಟಿನ ಫಲಕ. ಫಲಕದಲ್ಲಿ ಕಲ್ಲಿನ ಬಗ್ಗೆ ಮೂರು ಸಾಲು, ನಮ್ಮ ಪದಾಧಿಕಾರಿಗಳ ಬಗ್ಗೆ ಹನ್ನೊಂದು ಸಾಲು. ನಾನು ಮೈಕಿನ ಮುಂದೆ ನಿಂತು ಆ ಶಾಪವನ್ನು ಓದಿ, ಅರ್ಥ ಬಿಡಿಸಿ ಹೇಳಿದೆ. ಇದನ್ನು ಕೆಡಿಸಿದವರಿಗೆ ಹೀಗಾಗಲಿ ಎಂದು ಬರೆದ ಕಲ್ಲನ್ನು ಬುಡಸಮೇತ ಕಿತ್ತು ತಂದು, ಅದರ ಪಕ್ಕದಲ್ಲಿ ನಿಂತು ಅದನ್ನೇ ಓದುತ್ತಿದ್ದೇನೆ ಎಂಬುದು ನನಗೂ ತೋಚಲಿಲ್ಲ, ಚಪ್ಪಾಳೆ ತಟ್ಟಿದ ಯಾರಿಗೂ ತೋಚಲಿಲ್ಲ. ಅಧ್ಯಕ್ಷರು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ಅದಾದ ಎರಡನೇ ಮಂಗಳವಾರ ಆ ಮೂಡಲ ಹೊಲದ ಹೆಂಗಸು ಸಭೆಗೆ ಬಂದಳು.

ನನಗಿಂತ ಐದಾರು ವರ್ಷ ದೊಡ್ಡವಳು. ಇಳಕಲ್ ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಒಳಗೆ ಬಂದು, ‘ಕಲ್ಲಿನ ವಿಷಯ ಮಾತಾಡೂದಿತ್ತು’ ಎಂದಳು. ‘ಕುಂದರ್ರಿ, ವಂದನಾರ್ಪಣೆ ಆದ ಮ್ಯಾಲ ಮಾತಾಡ್ರಿ’ ಎಂದು ಯಾರೋ ಹಿಂದಿನ ಸಾಲಿನ ಕುರ್ಚಿ ತೋರಿಸಿದರು. ಕಲ್ಲನ್ನು ಕಾಪಾಡಿದ್ದಕ್ಕೆ ಧನ್ಯವಾದ ಹೇಳಲು ಬಂದಿದ್ದಾಳೆಂದು ನಾವು ತಿಳಿದೆವು. ಅವಳು ಕೂತಳು. ವರದಿ ಓದಿದೆವು. ವರದಿಯಲ್ಲಿ ಕಲ್ಲಿನ ಕಾರ್ಯಕ್ರಮದ ಯಶಸ್ಸಿನ ಬಗ್ಗೆ ಒಂದು ಇಡೀ ಪುಟ ಇತ್ತು. ಅತಿಥಿಯೊಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ ಚಿತ್ರ ತೋರಿಸಿ ಮಾತಾಡಿದರು. ನಡುವೆ ಎರಡು ಸಲ ಹಿಂತಿರುಗಿ ನೋಡಿದೆ. ಅವಳು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಖಾನಾಪುರದ ಕಡೆಗೆ ಹೋಗುವ ಬಸ್ಸಿನ ಹೊತ್ತು ದಾಟುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ನಿಯಮ ನಿಯಮವೇ ಎಂದು ಸುಮ್ಮನಿದ್ದೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ವಂದನಾರ್ಪಣೆ ಮುಗಿದ ಮೇಲೆ ಎದ್ದು ನಿಂತಳು.

“ನೀವು ಒಯ್ದದ್ದು ನಮ್ಮ ಬಾಂದಿನ ಕಲ್ಲ್ರಿ” ಎಂದಳು. ದನಿ ಏರಿಸಲಿಲ್ಲ. “ಆ ತುದಿಗಿ ಹುಣಸಿ ಗಿಡ, ಈ ತುದಿಗಿ ಆ ಕಲ್ಲು. ಎರಡರ ನಡುವ ಗೆರಿ ಎಳದ್ರ ಆಕಡೆ ಅವನ ಹೊಲ, ಈಕಡೆ ನಂದು. ನಮ್ಮ ಮಾವನ ಕಾಲದಿಂದ ಹಂಗ ನಡಕೊಂಡ ಬಂದೈತಿ. ನಾ ಊರಾಗ ಇರಲಿಲ್ಲ. ಬಂದು ನೋಡಿದ್ರ ಕಲ್ಲಿಲ್ಲ, ಬದು ಇಲ್ಲ. ಅವಾ ಟ್ರ್ಯಾಕ್ಟರ್ ಹೊಡದು ಸಾಲು ನೆಟ್ಟಗ ಮಾಡ್ಯಾನ. ಆರು ಹೆಜ್ಜಿ ಒಳಗ ಬಂದಾನ. ನನ್ನ ಬಾವಿ ನೀರು ಹರಿಯೂ ಕಾಲಿವಿ ಆ ಆರು ಹೆಜ್ಜಿಯೊಳಗ ಬರತೈತ್ರಿ. ಅದು ಹೋತಂದ್ರ ಹೊಲಕ್ಕ ನೀರ ಇಲ್ಲ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆವು ಎಂದು ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಗೊಣಗಿದರು.

“ಸರ್ವೇದವರನ್ನ ಕರಸಿ ಮೋಜಣಿ ಮಾಡಸೂಣು” ಎಂದರು ವಕೀಲರೊಬ್ಬರು.

“ಅರ್ಜಿ ಕೊಟ್ಟೇನ್ರಿ. ಸರದಿ ಬರೂದ್ರಾಗ ಬಿತ್ತನಿ ಮುಗದಿರತೈತಿ. ಮಿರಗಾ ಮಳಿ ಬರಾಕ ಇನ್ನ ಎಷ್ಟ ದಿನ ಐತಿ?” ಎಂದಳು ಅವಳು. “ನೀವು ಕಲ್ಲು ಎಲ್ಲಿಂದ ಕಿತ್ತೀರಿ, ಅಲ್ಲೇ ತಂದು ನಿಲ್ಲಸ್ರಿ. ನಂದೇನೂ ಬ್ಯಾರೆ ಇಲ್ಲ.”

ಇಷ್ಟು ಸುಲಭದ ಬೇಡಿಕೆಗೆ ನಾವೆಲ್ಲ ಒಮ್ಮೆಗೇ ತಲೆ ಆಡಿಸಿದೆವು. ಅಧ್ಯಕ್ಷರು ತಮ್ಮ ಗಾಡಿಯಲ್ಲೇ ಅವಳನ್ನು ಊರಿಗೆ ಬಿಟ್ಟು ಬಂದರು.

ಮರುದಿನ ಅಂಗಡಿಯಲ್ಲಿ ಕೂತು, ಕಲ್ಲು ಎಲ್ಲಿಂದ ಕಿತ್ತೆವು ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಬರಲಿಲ್ಲ. ಕಲ್ಲಿನ ಎತ್ತರ, ಅಗಲ, ದಪ್ಪ ನನ್ನ ನೋಟುಬುಕ್ಕಿನಲ್ಲಿತ್ತು. ಆಕಳಿನ ಕೊಂಬು ಯಾವ ಕಡೆ ಬಾಗಿದೆ, ಯಾವ ಸಾಲಿನಲ್ಲಿ ಎಷ್ಟು ಅಕ್ಷರ ಉಳಿದಿದೆ, ಎಲ್ಲ ಇತ್ತು. ಅದು ಹುಣಸೆ ಮರದಿಂದ ಎಷ್ಟು ದೂರ, ಬಾವಿಯಿಂದ ಎಷ್ಟು ಹೆಜ್ಜೆ, ಒಂದು ಗೀಟೂ ಇರಲಿಲ್ಲ. ಫೋಟೋ ಇದೆಯಲ್ಲ ಎಂದು ಧೈರ್ಯ ತಂದುಕೊಂಡೆ. ನಾವು ಚಹಾ ಕುಡಿಯುವುದನ್ನೂ ಫೋಟೋ ತೆಗೆಸುವವರು. ಆ ದಿನದ ನಲವತ್ತು ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಎಲ್ಲದರಲ್ಲೂ ನಾವೇ. ಕಲ್ಲನ್ನು ಎತ್ತುವ ಮುಂಚಿನ ಫೋಟೋಗಳಲ್ಲಿ ನಮ್ಮ ಕ್ಲಬ್ಬಿನ ಬ್ಯಾನರನ್ನು ಎಂಟು ಜನ ಅಡ್ಡಕ್ಕೆ ಹಿಡಿದಿದ್ದರು. ಮರ, ಬಾವಿ, ಬದು, ಎಲ್ಲ ಆ ಹಳದಿ ಬಟ್ಟೆಯ ಹಿಂದೆ. ಬ್ಯಾನರ್ ಇಲ್ಲದ ಒಂದೇ ಒಂದು ಫೋಟೋ ಸಿಕ್ಕಿತು. ಅದರಲ್ಲಿ ನಾನು ಮಂಡಿಯೂರಿ ಅಕ್ಷರ ಓದುತ್ತಿದ್ದೆ. ಹಿನ್ನೆಲೆಯಲ್ಲಿ ಆಕಾಶ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಮತ್ತು ಅಧ್ಯಕ್ಷರು ಹೊಲಕ್ಕೆ ಹೋದೆವು. ನಾನು ಆ ಜಾಗ ನೋಡಿದರೆ ಗುರುತು ಹತ್ತಬಹುದು ಎಂದುಕೊಂಡಿದ್ದೆ. ಟ್ರ್ಯಾಕ್ಟರು ಉತ್ತ ಮಣ್ಣಿನ ಮೇಲೆ ಎರಡು ಗುಡುಗಿನ ಮಳೆ ಬಿದ್ದು ಎಲ್ಲವೂ ಒಂದೇ ಸಮ ಆಗಿತ್ತು. ನಾವು ಕಲ್ಲು ಕಿತ್ತ ಗುಂಡಿಯೂ ಮುಚ್ಚಿಹೋಗಿತ್ತು. ಆ ಬೋಳು ಬಯಲಿನಲ್ಲಿ ಎರಡು ಗೂಟ ಮಾತ್ರ ಇದ್ದವು. ಒಂದು ಆಕೆ ಹೊಡೆದದ್ದು, ಇನ್ನೊಂದು ಪಡುವಲ ಹೊಲದವನು ಹೊಡೆದದ್ದು, ಆಕೆಯ ಗೂಟದಿಂದ ಆರು ಹೆಜ್ಜೆ ಮೂಡಲಕ್ಕೆ, ಆಕೆಯ ಹೊಲದೊಳಗೆ. ಇಬ್ಬರೂ ತಂತಮ್ಮ ಗೂಟದ ಹತ್ತಿರ ನಿಂತಿದ್ದರು. ನಡುವೆ ಗೌಂಡಿ ಚಾಚಾ, ಆಸ್ಪತ್ರೆಯವರು ಕೊಟ್ಟ ಕರಿ ಚಸ್ಮಾ ಹಾಕಿಕೊಂಡು. ಊರಲ್ಲಿ ಇಂಥ ತಂಟೆಗೆ ಅವರನ್ನು ಕರೆಯುವ ರೂಢಿ.

“ನಾ ಸುಳ್ಳ ಹೇಳೂದಿಲ್ರಿ” ಎಂದ ಪಡುವಲ ಹೊಲದವನು, ನಮ್ಮ ಕಡೆ ತಿರುಗಿ. “ಕಲ್ಲು ಇದ್ದಷ್ಟ ದಿನ ಕಲ್ಲಿನ ಮಾತ ಕೇಳೀನಿ. ಕಲ್ಲು ಹೋದ ಮ್ಯಾಲ ಸಾಲು ನೆಟ್ಟಗ ಹೊಡದೆ. ನನ್ನ ಲೆಕ್ಕಕ್ಕ ಅದು ಇಲ್ಲೇ ಇತ್ತು.”

ಚಾಚಾ ನನ್ನ ಕಡೆ ನೋಡಿದರು. “ಬಾಯಾರ, ಅದರ ಮುಂದ ತಾಸಗಟ್ಲೆ ಕುಂತಾವ್ರು ನೀವು. ನಾನ ನಿಮಗ ಹೇಳಿ ಕಳಿಸಿದ್ದು. ಎಲ್ಲಿತ್ತು ಹೇಳಿಬಿಡ್ರಿ. ಮುಗದು ಹೋಗತೈತಿ.”

ನಾನು ಎರಡೂ ಗೂಟ ನೋಡಿದೆ. ಗುರುತು ಹತ್ತಲಿಲ್ಲ. ಅಕ್ಷರಗಳೆಲ್ಲ ಕಣ್ಣ ಮುಂದೆ ಬಂದವು, ನೆಲ ಮಾತ್ರ ಬರಲಿಲ್ಲ. ಆ ಸಭೆಯ ಹಿಂದಿನ ಸಾಲಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ ಹೆಂಗಸು ನೆನಪಾದಳು. ನನ್ನಿಂದ ಆದ ತಪ್ಪು, ನಾನೇ ಸರಿಮಾಡಿ ಬಿಡುತ್ತೇನೆ ಎಂದು ಮನಸ್ಸು ಹೇಳಿತು. ನಡೆದು ಹೋಗಿ ಆಕೆಯ ಗೂಟದ ಪಕ್ಕ ನಿಂತೆ.

“ಇಲ್ಲೇ ಇತ್ತು” ಎಂದೆ.

ಪಡುವಲ ಹೊಲದವನು ಒಂದು ಕ್ಷಣ ನನ್ನ ಮುಖ ನೋಡಿದ. ವಾದ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. “ಕಲ್ತವರು ಹೇಳಿದ ಮ್ಯಾಲ ಮುಗೀತ್ರಿ” ಎಂದು ಬಗ್ಗಿ ತನ್ನ ಗೂಟವನ್ನು ಅಲುಗಾಡಿಸಿ ಕೀಳತೊಡಗಿದ.

“ತಡಿಯೋ ತಮ್ಮಾ, ಕೀಳಬ್ಯಾಡ” ಎಂದಳು ಆಕೆ.

ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕಾರ, ನಿಮಗ ಗೊತ್ತಿಲ್ಲ. ಗೊತ್ತಿದ್ದಿದ್ರ ಬಂದ ಕೂಡ್ಲೇ ಹೇಳ್ತಿದ್ರಿ. ಮೊದಲು ನನ್ನ ಮಾರಿ ನೋಡಿ, ಆಮ್ಯಾಲ ಗೂಟಾ ನೋಡಿದ್ರಿ.”

ಅಧ್ಯಕ್ಷರು ನೆಲ ನೋಡುತ್ತಿದ್ದರು.

“ನನ್ನ ಗೂಟಾನೂ ನಾ ಅಂದಾಜಿನ ಮ್ಯಾಲ ಹೊಡದೇನಿ” ಎಂದಳು ಆಕೆ, ಈಗ ಚಾಚಾನ ಕಡೆ. “ಇಂದ ಇವ್ರ ಮಾತಿಗಿ ಅವಾ ಸುಮ್ಮನಾಗ್ತಾನ. ನಾಳೆ ಅವನ ಮಗಾ ಬಂದು ನನ್ನ ಮಗನ್ನ ಕೇಳ್ತಾನ. ಆಗ ಯಾರ ಹೇಳಾವ್ರು? ನಮ್ಮ ಅತ್ತಿ ಹೇಳತಿದ್ಲು, ಬಾಂದಿನ ಕಲ್ಲ ನಿಲ್ಲಸೂ ಮುಂದ ಬುಡಕ ಇದ್ದಲಿ ಹಾಕಿರ್ತಾರ ಅಂತ. ಅಗದು ನೋಡೂಣು.”

ಇದ್ದಲಿ ಎಂದ ಕೂಡಲೇ ಚಾಚಾ ತಲೆ ಆಡಿಸಿದರು. “ಖರೇ. ಹಿಂದಿನವರು ಹಾಕತಿದ್ರು. ಕಟಿಗಿ ಇಟ್ಟ್ರ ಹುಳಾ ತಿಂತೈತಿ. ಕಬ್ಬಿಣ ಇಟ್ಟ್ರ ಮಣ್ಣು ತಿಂತೈತಿ. ಇದ್ದಲಿ ಯಾರೂ ತಿನ್ನೂದಿಲ್ಲ.”

ಇಷ್ಟು ವರ್ಷ ಕಲ್ಲುಗಳ ಹಿಂದೆ ತಿರುಗಿದ ನನಗೆ ಇದು ಗೊತ್ತಿರಲಿಲ್ಲ. ಹದಿನೈದು ದಿನದ ತರಗತಿಯಲ್ಲಿ ಕಲ್ಲಿನ ಮೇಲೆ ಏನಿರುತ್ತದೆ ಎಂದಷ್ಟೇ ಹೇಳಿದ್ದರು. ನಾಚಿಕೆಯ ನಡುವೆಯೂ ನನ್ನೊಳಗಿನ ಹಳೆಯ ಕುತೂಹಲ ಕಿವಿ ನಿಮಿರಿಸಿತು. ನಿಜವಾಗಿಯೂ ಇರಬಹುದೇ? ಎಷ್ಟು ಆಳಕ್ಕೆ? ಸೀರೆಯ ಸೆರಗು ಸಿಕ್ಕಿಸಿಕೊಂಡು ನಾನೂ ಒಂದು ಸಲಿಕೆ ಹಿಡಿದೆ. ಯಾರೂ ಬೇಡ ಎನ್ನಲಿಲ್ಲ.

ಮೊದಲು ಆಕೆಯ ಗೂಟದ ಬುಡ ಅಗೆದೆವು. ಮೊಣಕಾಲುದ್ದ ಹೋದರೂ ಗಟ್ಟಿ ಮಣ್ಣು, ಕಪ್ಪನೆಯ ಒಂದು ಚೂರೂ ಇಲ್ಲ. ಪಡುವಲ ಹೊಲದವನ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ಆಕೆ ಸಲಿಕೆಯನ್ನು ಅವನ ಗೂಟದ ಕಡೆ ಒಯ್ದಳು. ಅಲ್ಲೂ ಇಲ್ಲ. ಬಿಸಿಲು ಏರಿತು. ಕೊನೆಗೆ ಚಾಚಾ ಎರಡು ಗೂಟಗಳ ನಡುವೆ ಒಂದು ಹಗ್ಗ ಎಳೆದು, ಅದರ ಗುಂಟ ಕಬ್ಬಿಣದ ಸಲಾಕಿಯನ್ನು ಚುಚ್ಚುತ್ತಾ ಬಂದರು. ಆಕೆಯ ಗೂಟದಿಂದ ಎರಡು ಹೆಜ್ಜೆ ಮೂಡಲಕ್ಕೆ ಸಲಾಕಿ ಸರಕ್ಕನೆ ಇಳಿಯಿತು. “ಇಲ್ಲೆ ಮಣ್ಣು ಮೆತ್ತಗೈತಿ” ಎಂದರು.

ಮೊಳ ಆಳಕ್ಕೆ ಸುತ್ತ ಒತ್ತಿ ಕೂರಿಸಿದ್ದ ಬೆಣಚುಗಲ್ಲಿನ ತುಂಡುಗಳು ಸಿಕ್ಕವು. ಅದರ ಕೆಳಗೆ ಒಂದೆರಡು ಮಡಕೆ ಚೂರು. ಅದರ ಕೆಳಗೆ ಮಣ್ಣು ಕಪ್ಪಾಗಿತ್ತು. ಚಾಚಾ ಮಂಡಿಯೂರಿ, ಚಸ್ಮಾ ಹಣೆಗೇರಿಸಿ, ಒಂದು ತುಂಡನ್ನು ಬೆರಳಿನಲ್ಲಿ ಉಜ್ಜಿ ಎಲ್ಲರಿಗೂ ತೋರಿಸಿದರು. ಇದ್ದಲಿಯೇ. ನಿನ್ನೆ ಒಲೆಯಿಂದ ತೆಗೆದ ಹಾಗಿತ್ತು.

ಎಷ್ಟು ಹಿಂದಿನದೋ! ಯಾರ ಒಲೆಯದೋ! ನನ್ನ ಕೈ ತಾನಾಗಿಯೇ ಚೀಲದೊಳಗಿನ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹೋಯಿತು. ಒಂದು ಚೂರು ಪರೀಕ್ಷೆಗೆ ಕಳಿಸಿದರೆ ಕಲ್ಲಿನ ಕಾಲ ಗೊತ್ತಾಗಬಹುದಲ್ಲ ಎಂದು ಒಂದು ತುಂಡನ್ನು ಎತ್ತಿಕೊಂಡೆ.

“ಅದನ್ನೂ ಒಯ್ಯಾವ್ರೇನ್ರಿ?” ಎಂದಳು ಆಕೆ.

ತುಂಡನ್ನು ಇದ್ದಲ್ಲೇ ಇಟ್ಟೆ. ಅಧ್ಯಕ್ಷರಿಗೆ ನಗು ಬಂದು ಕೆಮ್ಮಿದರು.

ಆಕೆ ಗುಂಡಿಯ ಅಂಚಿನಲ್ಲಿ ನಿಂತು ತನ್ನ ಗೂಟದ ಕಡೆ ಒಮ್ಮೆ, ಇದ್ದಲಿಯ ಕಡೆ ಒಮ್ಮೆ ನೋಡಿದಳು. ಕಾಲುವೆ ಆಕೆಯ ಪಾಲಿಗೇ ಉಳಿಯಿತು. ಆದರೆ ತನ್ನದೆಂದು ಹೇಳಿದ ಎರಡು ಹೆಜ್ಜೆ ಆಕೆಯದಾಗಿರಲಿಲ್ಲ. ನನ್ನ ಮಾತು ನಿಂತಿದ್ದರೆ ಆ ಎರಡು ಹೆಜ್ಜೆ ಅಗಲದ ಪಟ್ಟಿ, ಹುಣಸೆ ಮರದ ತನಕ ಹೋಗುವಷ್ಟು, ನಾನು ಅವನಿಂದ ಕಿತ್ತು ಈಕೆಗೆ ಕೊಟ್ಟಿರುತ್ತಿದ್ದೆ.

“ಎರಡು ಹೆಜ್ಜಿ ನಂದು ತಪ್ಪಿತ್ತು” ಎಂದಳು ಅವನಿಗೆ.

“ನಂದು ನಾಕು ತಪ್ಪಿತ್ತಲ್ಲ ಅಕ್ಕಾ” ಎಂದ ಅವನು. ಹೇಳಿ ತನ್ನ ಗೂಟವನ್ನು ಕಿತ್ತು ಹೆಗಲಿಗೆ ಹಾಕಿಕೊಂಡ.

ಅಧ್ಯಕ್ಷರು ಫೋನ್ ಮಾಡಿ ಕ್ರೇನ್ ತರಿಸಿದರು. ಶಾಲೆಯ ಅಂಗಳದಲ್ಲಿ ಬರೀ ಫಲಕವೂ ಕಟ್ಟೆಯೂ ಉಳಿದವು. ಕಲ್ಲು ಬರುವಷ್ಟರಲ್ಲಿ ಆಕೆ ಮನೆಗೆ ಹೋಗಿ ಒಂದು ಬುಟ್ಟಿಯಲ್ಲಿ ಒಲೆಯ ಇದ್ದಲಿ ತಂದಳು. ಹಳೆಯದರ ಮೇಲೆ ಹೊಸದನ್ನು ಹಾಕಬೇಕು ಎಂದಳು. ಕಲ್ಲನ್ನು ಮತ್ತೆ ನಿಲ್ಲಿಸುವವರು ತಮ್ಮದೊಂದು ಹಿಡಿ ಸೇರಿಸಬೇಕಂತೆ. ತಾನೊಂದು ಹಿಡಿ ಹಾಕಿದಳು. ಪಡುವಲ ಹೊಲದವನು ಒಂದು ಹಿಡಿ ಹಾಕಿದ. ಚಾಚಾ ಹಾಕಿದರು. ನಾನು ದೂರ ಸರಿದು ನಿಂತಿದ್ದೆ. ಆ ಗುಂಡಿಯ ಹತ್ತಿರ ಹೋಗುವ ಹಕ್ಕು ನನಗಿಲ್ಲ ಎಂದು ಖಂಡಿತವಾಗಿ ಅನ್ನಿಸುತ್ತಿತ್ತು.

ಆಕೆ ಬುಟ್ಟಿ ಹಿಡಿದು ನನ್ನ ಹತ್ತಿರವೇ ಬಂದಳು.

“ಹಾಕ್ರಿ ಅಕ್ಕಾರ.”

“ನಾ ಯಾಕವಾ? ನಾ ಸುಳ್ಳ ಹೇಳಿದಾಕಿ” ಎಂದೆ.

“ಅದಕ್ಕ ಹಾಕ್ರಿ” ಎಂದಳು. “ಈಗ ನಿಮ್ಮ ಕಣ್ಣಿಲೆ ನೋಡೀರಿ. ನಾಳೆ ಯಾರರ ಕೇಳಿದ್ರ ಖರೇ ಹೇಳಾಕ ಬರತೈತಿ.”

ನಾನು ಬುಟ್ಟಿಯಿಂದ ಒಂದು ಹಿಡಿ ತೆಗೆದುಕೊಂಡು, ಗುಂಡಿಗೆ ಇಳಿದು, ನನ್ನ ಕೈಯಾರೆ ಹಾಕಿದೆ.